ಗ್ರಾಫಿಂಗ್ ಕ್ಯಾಲ್ಕುಲೇಟರ್ ಪ್ರೋಗ್ರಾಮಿಂಗ್: ಎಕರೆ-ಗುಂಟೆಯಿಂದ ಶುರು ಮಾಡೋಣ

ಕಲಬುರಗಿ ಸೂಪರ್ ಮಾರ್ಕೆಟ್‌ನ ಸ್ಟೇಷನರಿ ಅಂಗಡಿಯಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೇಳಿದರೆ ಕ್ಯಾಸಿಯೊ ಎಫ್‌ಎಕ್ಸ್-991 ಸರಣಿಯದನ್ನು ಕೈಗಿಡುತ್ತಾರೆ. ಇಂಜಿನಿಯರಿಂಗ್ ಓದುವವರ ಬ್ಯಾಗಿನಲ್ಲೆಲ್ಲ ಇರುವುದು ಅದೇ. ಲೆಕ್ಕಕ್ಕೆ ಅದು ಒಳ್ಳೆಯ ಯಂತ್ರ, ಆದರೆ ಅದರಲ್ಲಿ ಪ್ರೋಗ್ರಾಮ್ ಬರೆಯಲು ಆಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಗ್ರಾಫಿಂಗ್ ಕ್ಯಾಲ್ಕುಲೇಟರ್ ಬಗ್ಗೆ. ಚುಕ್ಕಿಗಳಿಂದ ಚಿತ್ರ ಬಿಡಿಸಬಲ್ಲ ಪರದೆ, ಕೀಗಳ ಮೇಲೆ ಎ ಇಂದ ಝಡ್‌ವರೆಗೆ ಅಕ್ಷರ, ಯಂತ್ರದೊಳಗೇ ಒಂದು ಪ್ರೋಗ್ರಾಮಿಂಗ್ ಭಾಷೆ, ನಾಲ್ಕು ಸೆಲ್ ಹಾಕಿದರೆ ತಿಂಗಳುಗಟ್ಟಲೆ ನಡೆಯುವ ಬಾಳಿಕೆ. ಕರೆಂಟ್ ಹೋದರೂ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಈ ಜಾತಿಯ ಮೊದಲ ಯಂತ್ರ 1985ರ ಕ್ಯಾಸಿಯೊ ಎಫ್‌ಎಕ್ಸ್-7000ಜಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು 1990ರಲ್ಲಿ ಟಿಐ-81 ತಂದರು. ಅಲ್ಲಿಂದ ಅಮೆರಿಕದ ಶಾಲೆಗಳಲ್ಲಿ ಇದು ಪಠ್ಯದ ಜೊತೆಗೇ ಬೆಳೆಯಿತು. ನಮ್ಮಲ್ಲಿ ಪ್ರೋಗ್ರಾಮ್ ಬರೆಯಬಹುದಾದ ಕ್ಯಾಲ್ಕುಲೇಟರನ್ನು ಪರೀಕ್ಷಾ ಕೋಣೆಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಗೇಟ್ ಪರೀಕ್ಷೆಯಲ್ಲಂತೂ ಕಂಪ್ಯೂಟರ್ ಪರದೆಯ ಮೇಲಿನ ಕ್ಯಾಲ್ಕುಲೇಟರನ್ನೇ ಬಳಸಬೇಕು. ಹಾಗಾಗಿ ಇಲ್ಲಿ ಇದು ಅಪ್ಪಟ ಹವ್ಯಾಸ.

ಫೋನಿನಲ್ಲೇ ಇದಕ್ಕಿಂತ ಸಾವಿರ ಪಟ್ಟು ವೇಗದ ಪ್ರೊಸೆಸರ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಟಿಐ-84 ಪ್ಲಸ್‌ನಲ್ಲಿ ಇರುವುದು 1976ರಲ್ಲಿ ಬಂದ ಝಡ್80 ಪ್ರೊಸೆಸರ್‌ನ ವಂಶದ್ದು, ವೇಗ 15 ಮೆಗಾಹರ್ಟ್ಸ್. ನಮ್ಮ ಬಳಕೆಗೆ ಸಿಗುವ ರ್‍ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಸುಮಾರು 24 ಕಿಲೋಬೈಟ್, ಪರದೆ 96×64 ಚುಕ್ಕಿ. ಇಷ್ಟು ಚಿಕ್ಕ ಜಾಗದಲ್ಲಿ ಪ್ರತಿ ಬೈಟ್ ಎಲ್ಲಿ ಹೋಯಿತು, ಪ್ರತಿ ಸಾಲು ಎಷ್ಟು ಹೊತ್ತು ತಿಂದಿತು ಎಂಬುದು ಕಣ್ಣಿಗೆ ಕಾಣುತ್ತದೆ. ಫೋನ್ ಅದನ್ನು ತೋರಿಸುವುದಿಲ್ಲ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕೊಳ್ಳಬೇಡಿ

ಬಣ್ಣದ ಪರದೆಯ ಹೊಸ ಟಿಐ-84 ಪ್ಲಸ್ ಸಿಇ ಆಮದು ಮಾಲು. ಬೆಲೆ ಹತ್ತು ಸಾವಿರ ದಾಟುವುದು ಸಾಮಾನ್ಯ. ರುಚಿ ಹತ್ತುತ್ತದೋ ಇಲ್ಲವೋ ನೋಡದೆ ಅಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ. ಟಿಐ-83 ಪ್ಲಸ್, 84 ಪ್ಲಸ್‌ಗಳಿಗೆ ವಾಬಿಟ್‌ಎಮು ಎಂಬ ಉಚಿತ ಎಮುಲೇಟರ್ (ಕ್ಯಾಲ್ಕುಲೇಟರನ್ನೇ ಅನುಕರಿಸುವ ಸಾಫ್ಟ್‌ವೇರ್) ಇದೆ. ವಿಂಡೋಸ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ನಡೆಯುತ್ತದೆ. ಎಮುಲೇಟರ್ ಬರೀ ಖಾಲಿ ಪೆಟ್ಟಿಗೆ, ಒಳಗೆ ಹಾಕಲು ಕ್ಯಾಲ್ಕುಲೇಟರ್‌ನ ರಾಮ್ (ROM) ಫೈಲ್, ಅಂದರೆ ಯಂತ್ರದೊಳಗಿನ ಸಾಫ್ಟ್‌ವೇರ್‌ನ ನಕಲು ಬೇಕು. ಆ ಸಾಫ್ಟ್‌ವೇರ್ ಕಂಪನಿಯ ಸ್ವತ್ತು. ಸ್ವಂತ ಕ್ಯಾಲ್ಕುಲೇಟರ್ ಇದ್ದವರು ತಮ್ಮ ಯಂತ್ರದಿಂದಲೇ ಅದನ್ನು ತೆಗೆದುಕೊಳ್ಳುವುದು ಸರಿಯಾದ ದಾರಿ. ಯಂತ್ರವೇ ಇಲ್ಲದವರಿಗೆ ವಾಬಿಟ್‌ಎಮುವಿನ ಸೆಟಪ್‌ನಲ್ಲೇ ಇನ್ನೊಂದು ಆಯ್ಕೆ ಇದೆ: ಮುಕ್ತ ಬೂಟ್ ಕೋಡ್ (ಯಂತ್ರವನ್ನು ಶುರು ಮಾಡುವ ತುಣುಕು) ಜೊತೆ ಟಿಐ ಕಂಪನಿ ಬಿಡುಗಡೆ ಮಾಡುವ ಓಎಸ್ (ಆಪರೇಟಿಂಗ್ ಸಿಸ್ಟಂ) ಫೈಲನ್ನು ಸೇರಿಸಿ ರಾಮ್ ತಯಾರಿಸುವುದು. ಯಾರೋ ಎಲ್ಲೋ ಏರಿಸಿದ ರಾಮ್ ಫೈಲ್ ಹುಡುಕಿಕೊಂಡು ಹೋಗಬೇಡಿ. ಕಾನೂನಿನ ಮಾತು ಒಂದು ಕಡೆ, ಅಂಥ ಫೈಲುಗಳ ಜೊತೆ ವೈರಸ್ ಬರುವುದೂ ಉಂಟು.

ಕೆಳಗಿನ ಪಾಠವೆಲ್ಲ ಟಿಐ-83 ಪ್ಲಸ್ ಮತ್ತು 84 ಪ್ಲಸ್‌ನ ಬೇಸಿಕ್ ಭಾಷೆಯಲ್ಲಿದೆ. ಈ ಕುಟುಂಬದ ಯಂತ್ರಗಳು ಹೆಚ್ಚು ಹರಡಿವೆ, ಹಳೆಯವೂ ಸಿಗುತ್ತವೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಬಹುತೇಕ ಹಾಗೇ ನಡೆಯುತ್ತದೆ.

ಹಳೆಯದನ್ನು ಕೊಳ್ಳುವುದಾದರೆ

ಅಮೆರಿಕದಲ್ಲಿ ಓದಿ ಬಂದ ನೆಂಟರ ಮನೆಯ ಕಪಾಟಿನಲ್ಲಿ ಇಂಥದ್ದೊಂದು ಮಲಗಿರುವುದು ಅಪರೂಪವೇನಲ್ಲ. ಮೊದಲು ಅಲ್ಲಿ ವಿಚಾರಿಸಿ. ಕೈಗೆ ಸಿಕ್ಕಿದ ಕೂಡಲೇ ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರ. ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಹಾಕಿ ಒರೆಸಿದರೆ ಕರಗುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಸ್ಪ್ರಿಂಗ್ ತುಕ್ಕು ತಿಂದು ತೆಳ್ಳಗಾಗಿದ್ದರೆ ಆ ಯಂತ್ರ ಬೇಡ.

ಎರಡನೆಯದು ಪರದೆ. ಸೆಕೆಂಡ್ (2nd) ಕೀ ಒತ್ತಿ ಬಿಟ್ಟು ಮೇಲಿನ ಬಾಣ ಹಿಡಿದರೆ ಕಾಂಟ್ರಾಸ್ಟ್ ಏರಿ ಪರದೆ ಕಪ್ಪಾಗುತ್ತದೆ. ಪೂರ್ತಿ ಕಪ್ಪಾದಾಗ ನಡುವೆ ಬಿಳಿ ಗೆರೆ ಉಳಿದರೆ ಪರದೆಗೆ ಹೋಗುವ ಪಟ್ಟಿಯ ಅಂಟು ಬಿಟ್ಟಿದೆ. ಟಿಐ-83 ಪ್ಲಸ್‌ನಲ್ಲಿ ಇದು ಸಾಮಾನ್ಯ ರೋಗ, ಮನೆಯಲ್ಲಿ ರಿಪೇರಿ ಸುಲಭವಲ್ಲ. ಇಳಿಸಲು ಸೆಕೆಂಡ್ ಮತ್ತು ಕೆಳಗಿನ ಬಾಣ.

ನಮ್ಮ ಕಡೆಯ ಬೇಸಿಗೆಯ ಬಗ್ಗೆ ಒಂದು ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಕೋಣೆಯಲ್ಲಿ, ಬೈಕಿನ ಡಿಕ್ಕಿಯಲ್ಲಿ ಇನ್ನೂ ಹೆಚ್ಚು. ಬಿಸಿಗೆ ಎಲ್‌ಸಿಡಿ ತಾನೇ ಕಪ್ಪೇರುತ್ತದೆ. ಕೆಟ್ಟಿತೆಂದು ಗಾಬರಿ ಬೇಡ, ನೆರಳಿಗೆ ತಂದು ತಣಿಯಲು ಬಿಟ್ಟರೆ ಸರಿಹೋಗುತ್ತದೆ. ಆದರೆ ಬಿಸಿಯಲ್ಲಿ ಸೆಲ್ ಬೇಗ ಸೋರುತ್ತದೆ. ಅಗ್ಗದ ಝಿಂಕ್-ಕಾರ್ಬನ್ ಸೆಲ್ ಹಾಕಬೇಡಿ, ನಾಲ್ಕು ಆಲ್ಕಲೈನ್ ಎಎಎ ಹಾಕಿ; ರಜೆಯಲ್ಲಿ ಮುಟ್ಟುವುದಿಲ್ಲವೆಂದರೆ ಹೊರಗೆ ತೆಗೆದಿಡಿ. ಇವುಗಳ ಜೊತೆ ಒಂದು ಚಿಕ್ಕ ಬಟನ್ ಸೆಲ್ ಇರುತ್ತದೆ. ಎಎಎ ಬದಲಿಸುವಾಗ ಮೆಮೊರಿ ಹಿಡಿದಿಡುವುದು ಅದರ ಕೆಲಸ. 84 ಪ್ಲಸ್‌ಗೆ 303 ಅಥವಾ ಎಸ್‌ಆರ್44 ಸಿಲ್ವರ್ ಆಕ್ಸೈಡ್, 83 ಪ್ಲಸ್‌ಗೆ ಸಿಆರ್1616 ಅಥವಾ ಸಿಆರ್1620. ವಾಚ್ ರಿಪೇರಿ ಅಂಗಡಿಯಲ್ಲಿ ಕೇಳಿ. ಎರಡು ಬಗೆಯ ಸೆಲ್‌ಗಳನ್ನೂ ಒಟ್ಟಿಗೆ ತೆಗೆದರೆ ರ್‍ಯಾಮ್ ಅಳಿಸಿಹೋಗುತ್ತದೆ.

ಕೇಬಲ್: 84 ಪ್ಲಸ್‌ಗೂ ಸಿಇಗೂ ಬೇಕಾದದ್ದು ಮಿನಿ ಯುಎಸ್‌ಬಿ. ಫೋನಿನ ಮೈಕ್ರೊ ಆಗಲಿ ಟೈಪ್-ಸಿ ಆಗಲಿ ಕೂರುವುದಿಲ್ಲ. ಹಳೆಯ ಡಿಜಿಟಲ್ ಕ್ಯಾಮೆರಾದ ಕೇಬಲ್ ನಡೆಯುತ್ತದೆ, ಆದರೆ ಬರೀ ಚಾರ್ಜ್ ಮಾಡುವ ಕೇಬಲ್‌ನಲ್ಲಿ ಡೇಟಾ ತಂತಿ ಇರುವುದಿಲ್ಲ. ಕಂಪ್ಯೂಟರ್ ಯಂತ್ರವನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. 83 ಪ್ಲಸ್‌ಗೆ 2.5 ಮಿಲಿಮೀಟರ್ ಪಿನ್ನಿನ ಬೇರೆಯೇ ಲಿಂಕ್ ಕೇಬಲ್ ಬೇಕು. ಫೈಲ್ ಕಳಿಸಲು ಕಂಪ್ಯೂಟರಿನಲ್ಲಿ ಬೇಕಾದ ಸಾಫ್ಟ್‌ವೇರ್: 84 ಪ್ಲಸ್ ಅಥವಾ ಸಿಇ ಇದ್ದರೆ ವಿಂಡೋಸ್ ಮತ್ತು ಮ್ಯಾಕ್‌ಗೆ ಟಿಐ ಕನೆಕ್ಟ್ ಸಿಇ, ಲಿನಕ್ಸ್‌ಗೆ ಟಿಲ್ಪ್.

ಮೊದಲ ಪ್ರೋಗ್ರಾಮ್: ಹೊಲದ ಅಳತೆ

ಹೊಸಬರು ಮಾಡುವ ಮೊದಲ ತಪ್ಪನ್ನು ಈಗಲೇ ಹೇಳಿಬಿಡುತ್ತೇವೆ. ಟಿಐ ಬೇಸಿಕ್‌ನಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡುವಂತಿಲ್ಲ. ಮೆನುವಿನಿಂದ ಆರಿಸಬೇಕು. 'ಡಿಸ್ಪ್' ಎಂಬ ಇಡೀ ಆಜ್ಞೆ ಯಂತ್ರದೊಳಗೆ ಒಂದೇ ಬೈಟ್‌ನ ಗುರುತು, ಅಂದರೆ ಟೋಕನ್. ನೀವು ಡಿ, ಐ, ಎಸ್, ಪಿ ಎಂದು ನಾಲ್ಕು ಅಕ್ಷರ ಒತ್ತಿದರೆ ಪರದೆಯಲ್ಲಿ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಅದು ನಾಲ್ಕು ಚರಾಕ್ಷರಗಳ (ಬೆಲೆ ಹಿಡಿದಿಡುವ ಅಕ್ಷರಗಳ, ಅಂದರೆ ವೇರಿಯಬಲ್‌ಗಳ) ಗುಣಾಕಾರ. ಕೂತು ಎಷ್ಟು ನೋಡಿದರೂ ತಪ್ಪು ಕಾಣುವುದಿಲ್ಲ. ಅನುಮಾನ ಬಂದರೆ ಆ ಪದದ ಮೇಲೆ ಕರ್ಸರ್ ಓಡಿಸಿ: ಒಂದೇ ನೆಗೆತಕ್ಕೆ ದಾಟಿದರೆ ಟೋಕನ್, ಅಕ್ಷರಕ್ಕೊಮ್ಮೆ ನಿಂತರೆ ಕೈಯಿಂದ ಟೈಪ್ ಮಾಡಿದ್ದು.

ಇಲ್ಲಿ ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇವೆ. ಯಂತ್ರದಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತವೆ. ಮೆನುವಿನ ಸಂಖ್ಯೆ ಕೊಟ್ಟಿರುವುದರಿಂದ ಗೊಂದಲ ಆಗದು. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ.

ನಮ್ಮ ಪಹಣಿಯಲ್ಲಿ ಹೊಲದ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಇರುತ್ತದೆ, ಟೇಪು ಹಿಡಿದವರು ಅಳೆಯುವುದು ಅಡಿಯಲ್ಲಿ. ಒಂದು ಗುಂಟೆ ಎಂದರೆ 33 ಅಡಿ × 33 ಅಡಿ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಉದ್ದ-ಅಗಲ ಕೊಟ್ಟರೆ ಎಕರೆ-ಗುಂಟೆ ಹೇಳುವ ಪ್ರೋಗ್ರಾಮ್ ಬರೆಯೋಣ.

ಪಿಆರ್‌ಜಿಎಂ ಕೀ ಒತ್ತಿ. ಮೇಲೆ ಎಕ್ಸಿಕ್ಯೂಟ್, ಎಡಿಟ್, ನ್ಯೂ ಎಂಬ ಮೂರು ವಿಭಾಗ. ಬಲ ಬಾಣ ಎರಡು ಸಲ ಒತ್ತಿ ನ್ಯೂಗೆ ಹೋಗಿ ಎಂಟರ್. ಹೆಸರು ಕೇಳುತ್ತದೆ: ಎಂಟು ಅಕ್ಷರದ ಒಳಗೆ, ಮೊದಲನೆಯದು ಅಂಕಿ ಆಗಿರಬಾರದು. 'ನೆಲ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ಎಂಟರ್. ಈಗ ಈ ಆರು ಸಾಲು:

:ಕ್ಲಿಯರ್‌ಹೋಮ್
:ಪ್ರಾಂಪ್ಟ್ ಎ,ಬಿ
:ರೌಂಡ್(ಎ×ಬಿ÷1089,2)→ಜಿ
:ಇಂಟ್(ಜಿ÷40)→ಕೆ
:ಡಿಸ್ಪ್ "ಎಕರೆ",ಕೆ
:ಡಿಸ್ಪ್ "ಗುಂಟೆ",ಜಿ−40ಕೆ

ಸಾಲಿನ ಮೊದಲ ಚುಕ್ಕಿಜೋಡಿ ತಾನೇ ಬರುತ್ತದೆ. ಪ್ರೋಗ್ರಾಮ್ ಬರೆಯುತ್ತಿರುವಾಗ ಪಿಆರ್‌ಜಿಎಂ ಒತ್ತಿದರೆ ಬೇರೆ ಮೆನು ತೆರೆಯುತ್ತದೆ: ಮೊದಲ ವಿಭಾಗದಲ್ಲಿ ನಿಯಂತ್ರಣದ ಆಜ್ಞೆಗಳು, ಬಲಕ್ಕೆ ಒಂದು ಬಾಣ ಒತ್ತಿದರೆ ಇನ್‌ಪುಟ್-ಔಟ್‌ಪುಟ್ ಆಜ್ಞೆಗಳು. ಕ್ಲಿಯರ್‌ಹೋಮ್ ಈ ಎರಡನೆಯದರಲ್ಲಿ 8, ಪ್ರಾಂಪ್ಟ್ 2, ಡಿಸ್ಪ್ 3. ರೌಂಡ್ ಮತ್ತು ಇಂಟ್ ಬೇಕೆಂದರೆ ಮ್ಯಾಥ್ ಕೀ, ಬಲ ಬಾಣ ಒಂದು, ಅಲ್ಲಿ 2 ಮತ್ತು 5. ಬಾಣದ ಗುರುತು ಎಸ್‌ಟಿಒ ಕೀ. ಅಕ್ಷರಕ್ಕೆ ಮೊದಲು ಆಲ್ಫಾ ಒತ್ತಬೇಕು; ಸಾಲಾಗಿ ಅಕ್ಷರ ಬೇಕಾದಾಗ ಸೆಕೆಂಡ್ ಮತ್ತು ಆಲ್ಫಾ ಒತ್ತಿದರೆ ಅಕ್ಷರದಲ್ಲೇ ನಿಲ್ಲುತ್ತದೆ. ಉದ್ಧರಣ ಚಿಹ್ನೆ ಆಲ್ಫಾ ಒತ್ತಿ ಕೂಡುವ ಕೀ. ಸೇವ್ ಎಂಬುದು ಇಲ್ಲ, ಒತ್ತಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಹೊರಬರಲು ಸೆಕೆಂಡ್ ಮತ್ತು ಮೋಡ್.

ನಡೆಸಲು ಪಿಆರ್‌ಜಿಎಂ, ಹೆಸರು ಆರಿಸಿ ಎಂಟರ್, ಮತ್ತೊಮ್ಮೆ ಎಂಟರ್. ಎ ಕೇಳಿದಾಗ 330, ಬಿ ಕೇಳಿದಾಗ 264 ಕೊಡಿ. ಎಕರೆ 2, ಗುಂಟೆ 0 ಬರಬೇಕು. 200 ಮತ್ತು 150 ಕೊಟ್ಟರೆ ಎಕರೆ 0, ಗುಂಟೆ 27.55. ಉತ್ತರ ಮೊದಲೇ ಗೊತ್ತಿರುವ ಅಂಕಿಗಳಿಂದ ಪರೀಕ್ಷಿಸದೆ ಯಾವ ಪ್ರೋಗ್ರಾಮನ್ನೂ ನಂಬಬೇಡಿ.

ಮೂರನೆಯ ಸಾಲಿನಲ್ಲೇ ರೌಂಡ್ ಮಾಡಿದ್ದಕ್ಕೆ ಕಾರಣವಿದೆ. ಕೊನೆಯ ಸಾಲಿನಲ್ಲಿ, ತೋರಿಸುವಾಗ ಮಾತ್ರ ರೌಂಡ್ ಮಾಡಿದಿರಿ ಎನ್ನಿ. ಒಟ್ಟು 79.998 ಗುಂಟೆ ಬಂದಾಗ ಎಕರೆ 1 ಎಂದು ತೋರಿಸಿ, ಉಳಿದ 39.998 ರೌಂಡ್ ಆಗಿ 40 ಗುಂಟೆ ಎಂದು ಬರುತ್ತದೆ. 'ಒಂದು ಎಕರೆ ನಲವತ್ತು ಗುಂಟೆ' ಎಂದು ಯಾವ ಪಹಣಿಯಲ್ಲೂ ಬರೆಯುವುದಿಲ್ಲ. ಮೊದಲೇ ರೌಂಡ್ ಮಾಡಿದರೆ 80 ಆಗಿ ಸರಿಯಾಗಿ ಎರಡು ಎಕರೆ. ಇಂಥ ತಪ್ಪು ಸಾವಿರ ಲೆಕ್ಕದಲ್ಲಿ ಒಂದಕ್ಕೆ ಮಾತ್ರ ತಲೆ ಎತ್ತುವುದರಿಂದ ಬರೆಯುವಾಗಲೇ ಯೋಚಿಸಬೇಕು.

ಇದನ್ನು ಬೆಳೆಸಿ. ಗುಂಟೆಗೆ 16 ಆಣೆ. ಗುಂಟೆಯ ಭಿನ್ನಭಾಗವನ್ನು 16ರಿಂದ ಗುಣಿಸಿ ಆಣೆಯನ್ನೂ ತೋರಿಸಬಹುದು. ಹೊಲಗಳು ಆಯತಾಕಾರ ಇರುವುದೇ ಕಡಿಮೆ. ನಾಲ್ಕು ಬದಿ ಮಾತ್ರ ಅಳೆದರೆ ವಿಸ್ತೀರ್ಣ ನಿಶ್ಚಿತವಾಗುವುದಿಲ್ಲ, ಮೂಲೆಯಿಂದ ಮೂಲೆಗೆ ಒಂದು ಕರ್ಣವನ್ನೂ ಅಳೆಯಬೇಕು. ಆಗ ಎರಡು ತ್ರಿಭುಜ ಆಗುತ್ತದೆ, ಎರಡಕ್ಕೂ ಹೆರಾನ್ ಸೂತ್ರ: ಮೂರು ಬದಿ ಕೂಡಿಸಿ ಅರ್ಧ ಮಾಡಿದ್ದು ಎಸ್ ಆದರೆ ಎಸ್(ಎಸ್−ಎ)(ಎಸ್−ಬಿ)(ಎಸ್−ಸಿ)ಯ ವರ್ಗಮೂಲ. ಅಳತೆ ತಪ್ಪಾಗಿ ತ್ರಿಭುಜವೇ ಆಗದ ಅಂಕಿ ಕೊಟ್ಟರೆ ವರ್ಗಮೂಲದ ಒಳಗೆ ಋಣ ಸಂಖ್ಯೆ ಬಂದು 'ನಾನ್‌ರಿಯಲ್ ಆನ್ಸರ್' ಎಂಬ ಎರರ್ ಬರುತ್ತದೆ. ಲೆಕ್ಕಕ್ಕೆ ಮೊದಲೇ ಒಂದು ಇಫ್ (ಷರತ್ತು ನೋಡುವ ಆಜ್ಞೆ) ಹಾಕಿ ಅಳತೆ ಪರೀಕ್ಷಿಸಿ.

ಎಲ್ಲಿ ಎಡವುತ್ತಾರೆ

ಎರರ್ ಬಂದಾಗ ಕ್ವಿಟ್ ಮತ್ತು ಗೋಟು ಎಂಬ ಎರಡು ಆಯ್ಕೆ ಕಾಣುತ್ತವೆ. 2 ಒತ್ತಿ ಗೋಟು ಆರಿಸಿದರೆ ತಪ್ಪು ಸಿಕ್ಕ ಜಾಗಕ್ಕೇ ಕರ್ಸರ್ ಹೋಗುತ್ತದೆ. ಭಾಳ ಜನ ಅಭ್ಯಾಸಬಲದಿಂದ ಕ್ವಿಟ್ ಒತ್ತಿ ಆಮೇಲೆ ಹುಡುಕುತ್ತಾ ಕೂರುತ್ತಾರೆ.

ಕಳೆಯುವ ಕೀ ಬೇರೆ, ಋಣ ಚಿಹ್ನೆಯ ಕೀ ಬೇರೆ. ಕಂಸದಲ್ಲಿ ಅಡ್ಡಗೆರೆ ಇರುವುದು ಋಣ ಚಿಹ್ನೆ, ಬಲಗಡೆ ಕೂಡುವ ಕೀ ಮೇಲಿರುವುದು ಕಳೆಯುವುದು. ಪರದೆಯಲ್ಲಿ ಎರಡೂ ಗೆರೆಗಳೇ, ಒಂದು ಕೂದಲೆಳೆ ಚಿಕ್ಕದು. ಒಂದರ ಬದಲು ಇನ್ನೊಂದು ಒತ್ತಿದರೆ ಸಿಂಟ್ಯಾಕ್ಸ್ ಎರರ್ ಬಂದೀತು, ಇಲ್ಲವೇ ಸದ್ದಿಲ್ಲದೆ ತಪ್ಪು ಉತ್ತರ ಬಂದೀತು.

ಚರಾಕ್ಷರಗಳು ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ. ಬೆಳಿಗ್ಗೆ ಇನ್ನೊಂದು ಪ್ರೋಗ್ರಾಮ್ ಕೆಯಲ್ಲಿ ಬಿಟ್ಟ ಬೆಲೆ ಸಂಜೆಯೂ ಅಲ್ಲೇ ಇರುತ್ತದೆ. ಎಣಿಕೆ ಶುರು ಮಾಡುವ ಮೊದಲು 0 ಹಾಕಿಕೊಳ್ಳಿ. ಎಕ್ಸ್ ಮತ್ತು ವೈಗಳನ್ನು ಗ್ರಾಫ್ ಪರದೆ ತನ್ನಷ್ಟಕ್ಕೆ ಬದಲಿಸುತ್ತದೆ. ನಿಮ್ಮ ಲೆಕ್ಕಕ್ಕೆ ಅವನ್ನು ನೆಚ್ಚಿಕೊಳ್ಳಬೇಡಿ.

ಇಫ್ ಒಂಟಿಯಾಗಿದ್ದರೆ ಮುಂದಿನ ಒಂದೇ ಸಾಲಿಗೆ ಅನ್ವಯ. ಹೆಚ್ಚು ಸಾಲು ಬೇಕಾದರೆ ದೆನ್ ಹಾಕಿ ಎಂಡ್‌ನಿಂದ ಮುಚ್ಚಬೇಕು. ಸಾಲುಗಳನ್ನು ಮತ್ತೆ ಮತ್ತೆ ನಡೆಸುವ (ಲೂಪ್) ಆಜ್ಞೆಗಳಾದ ಫಾರ್ ಅಥವಾ ವೈಲ್‌ಗೆ ಎಂಡ್ ಮರೆತರೆ ಎರರ್ ಬರುವುದೇ ಇಲ್ಲ, ಒಂದು ಸುತ್ತು ಓಡಿ ಪ್ರೋಗ್ರಾಮ್ ಮುಗಿದುಬಿಡುತ್ತದೆ. 'ಲೂಪ್ ಒಂದೇ ಸಲ ನಡೆಯುತ್ತದೆ' ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಗೋಟು ಆಜ್ಞೆಯ ಬಗ್ಗೆ ಎಚ್ಚರ. ಲೇಬಲ್ ಹಾಕಿ ಹಾರುವುದು ಸುಲಭ ಅನ್ನಿಸುತ್ತದೆ. ಆದರೆ ಫಾರ್, ವೈಲ್ ಅಥವಾ ದೆನ್-ಎಂಡ್ ನಡುವಿನಿಂದ ಗೋಟು ಮೂಲಕ ಹೊರಗೆ ಹಾರಿದರೆ, ಆ ಕಟ್ಟು ಇನ್ನೂ ಮುಗಿದಿಲ್ಲ ಎಂದೇ ಯಂತ್ರ ನೆನಪಿಟ್ಟುಕೊಂಡಿರುತ್ತದೆ. ಪ್ರತಿ ಹಾರಿಕೆಗೂ ಸ್ವಲ್ಪ ರ್‍ಯಾಮ್ ಹೋಗುತ್ತದೆ. ಆಟ ಹತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ಮೆಮೊರಿ ಎರರ್ ಕೊಟ್ಟು ನಿಂತರೆ ಮೊದಲು ಇದನ್ನು ನೋಡಿ. ಜೊತೆಗೆ, ಗೋಟು ಪ್ರತಿ ಸಲವೂ ಪ್ರೋಗ್ರಾಮಿನ ತಲೆಯಿಂದ ಲೇಬಲ್ ಹುಡುಕುತ್ತದೆ, ಆದ್ದರಿಂದ ದೊಡ್ಡ ಪ್ರೋಗ್ರಾಮಿನಲ್ಲಿ ನಿಧಾನ. ರಿಪೀಟ್ ಮತ್ತು ವೈಲ್ ಬಳಸಿ.

ನಿಲ್ಲದ ಲೂಪಿಗೆ ಸಿಕ್ಕಿಕೊಂಡರೆ ಆನ್ ಕೀ ಒತ್ತಿ. ಬ್ರೇಕ್ ಎಂದು ತೋರಿಸಿ ನಿಲ್ಲುತ್ತದೆ.

ಪರದೆಯ ಮೇಲೆ ನಡೆಸುವುದು

ಲೆಕ್ಕ ಆಯಿತು, ಈಗ ಕೀ ಒತ್ತಿದಂತೆ ಚಲಿಸುವ ಒಂದು ಅಕ್ಷರ. ಎಲ್ಲ ಆಟಗಳ ಬೀಜ ಇದೇ.

:ಕ್ಲಿಯರ್‌ಹೋಮ್
:4→ಆರ್
:8→ಸಿ
:ರಿಪೀಟ್ ಕೆ=45
:ಔಟ್‌ಪುಟ್(ಆರ್,ಸಿ,"ಒ")
:ರಿಪೀಟ್ ಕೆ
:ಗೆಟ್‌ಕೀ→ಕೆ
:ಎಂಡ್
:ಔಟ್‌ಪುಟ್(ಆರ್,ಸಿ," ")
:ಮ್ಯಾಕ್ಸ್(1,ಮಿನ್(8,ಆರ್+(ಕೆ=34)−(ಕೆ=25)))→ಆರ್
:ಮ್ಯಾಕ್ಸ್(1,ಮಿನ್(16,ಸಿ+(ಕೆ=26)−(ಕೆ=24)))→ಸಿ
:ಎಂಡ್

ರಿಪೀಟ್ ನಿಯಂತ್ರಣ ಮೆನುವಿನಲ್ಲಿ 6, ಎಂಡ್ 7. ಔಟ್‌ಪುಟ್ ಮತ್ತು ಗೆಟ್‌ಕೀ ಪಕ್ಕದ ಮೆನುವಿನಲ್ಲಿ 6 ಮತ್ತು 7. ಮಿನ್, ಮ್ಯಾಕ್ಸ್ ರೌಂಡ್ ಇದ್ದಲ್ಲೇ 6 ಮತ್ತು 7. ಸಮ ಚಿಹ್ನೆಗೆ ಸೆಕೆಂಡ್ ಮತ್ತು ಮ್ಯಾಥ್, 1. ಖಾಲಿ ಜಾಗಕ್ಕೆ ಆಲ್ಫಾ ಮತ್ತು ಸೊನ್ನೆ.

ಗೆಟ್‌ಕೀ ಕಾಯುವುದಿಲ್ಲ; ಆ ಕ್ಷಣಕ್ಕೆ ಯಾವ ಕೀಯೂ ಒತ್ತಿಲ್ಲದಿದ್ದರೆ 0 ಕೊಟ್ಟು ಮುಂದೆ ಹೋಗುತ್ತದೆ. ಅದಕ್ಕೇ ಒಳಗಿನ ರಿಪೀಟ್: ಕೆಗೆ ಸೊನ್ನೆಯಲ್ಲದ ಬೆಲೆ ಬರುವ ತನಕ ಸುತ್ತುತ್ತದೆ. ಕೀಗಳ ಸಂಖ್ಯೆ ನೆನಪಿಡುವುದು ಸುಲಭ: ಮೇಲಿನಿಂದ ಎಷ್ಟನೆಯ ಸಾಲು ಎಂಬುದನ್ನು ಹತ್ತರಿಂದ ಗುಣಿಸಿ, ಎಡದಿಂದ ಎಷ್ಟನೆಯದು ಎಂಬುದನ್ನು ಕೂಡಿಸಿ. ಹಾಗೆ ಸೆಕೆಂಡ್ ಕೀ 21, ಕ್ಲಿಯರ್ 45, ಎಂಟರ್ 105. ಬಾಣಗಳು ಎಡ 24, ಮೇಲೆ 25, ಬಲ 26, ಕೆಳಗೆ 34. ಆನ್ ಕೀಗೆ ಸಂಖ್ಯೆ ಇಲ್ಲ. ಬಾಣಗಳನ್ನು ಮತ್ತು ಡೆಲ್ ಕೀಯನ್ನು ಹಿಡಿದೇ ಇದ್ದರೆ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ, ಉಳಿದವು ಒತ್ತಿಗೆ ಒಂದೇ ಸಲ.

(ಕೆ=34) ಎಂಬುದು ನಿಜವಾದರೆ 1, ಸುಳ್ಳಾದರೆ 0. ಅದನ್ನು ನೇರವಾಗಿ ಕೂಡಿ ಕಳೆದರೆ ನಾಲ್ಕು ಇಫ್‌ಗಳ ಕೆಲಸ ಎರಡು ಸಾಲಿನಲ್ಲಿ ಮುಗಿಯುತ್ತದೆ, ವೇಗವೂ ಸಿಗುತ್ತದೆ. ಮಿನ್-ಮ್ಯಾಕ್ಸ್ ಇರುವುದು ಅಕ್ಷರ ಪರದೆಯಾಚೆ ಹೋಗದಿರಲಿ ಎಂದು. ಅವಿಲ್ಲದಿದ್ದರೆ ಅಂಚಿನಲ್ಲಿ ಡೊಮೈನ್ ಎರರ್. ಹಳೆಯ ಯಂತ್ರದ ಪರದೆ 8 ಸಾಲು 16 ಅಂಕಣ, ಸಿಇಯದು 10 ಸಾಲು 26 ಅಂಕಣ. ಅದಕ್ಕೆ ತಕ್ಕಂತೆ ಬದಲಿಸಿ. ಲೂಪಿನ ಒಳಗೆ ಕ್ಲಿಯರ್‌ಹೋಮ್ ಹಾಕಿದರೆ ಇಡೀ ಪರದೆ ಮಿಣುಕುತ್ತದೆ. ಹಳೆಯ ಜಾಗದಲ್ಲಿ ಒಂದು ಖಾಲಿ ಅಕ್ಷರ ಬರೆಯುವುದೇ ಸಾಕು.

ಇನ್ನು ರ್‍ಯಾಂಡ್‌ಇಂಟ್ ಬಳಸಿ (ಮ್ಯಾಥ್ ಕೀಯ ಕೊನೆಯ ವಿಭಾಗದಲ್ಲಿ 5) ಒಂದು ಗುರಿಯನ್ನು ಎಲ್ಲಾದರೂ ಇಡಿ, ಮುಟ್ಟಿದಾಗ ಎಸ್ ಒಂದು ಹೆಚ್ಚಲಿ. ಅಲ್ಲಿಗೆ ಆಟ ತಯಾರು.

ಪರದೆಯಲ್ಲಿ ಕನ್ನಡ

ಈ ಯಂತ್ರಗಳಲ್ಲಿ ಕನ್ನಡ ಅಕ್ಷರ ಇಲ್ಲ, ಆದರೆ ಗ್ರಾಫ್ ಪರದೆಯಲ್ಲಿ ಒಂದೊಂದು ಚುಕ್ಕಿಯನ್ನೂ ನಾವೇ ಹಚ್ಚಬಹುದು. ಹಳೆಯ ಮಾದರಿಯಲ್ಲಿ ಸಾಲು 0 ಇಂದ 62, ಅಂಕಣ 0 ಇಂದ 94. ಚೌಕುಳಿ ಪುಸ್ತಕದಲ್ಲಿ 12×12 ಮನೆ ಗುರುತಿಸಿ ಅಕ್ಷರ ಬರೆಯಿರಿ; ಕಪ್ಪಾದ ಮನೆಗೆ 1, ಖಾಲಿ ಮನೆಗೆ 0. ನಡುವೆ ಒಂದು ಚುಕ್ಕಿ ಬಿಟ್ಟರೆ ಒಂದು ಸಾಲಿಗೆ ಏಳು ಅಕ್ಷರ ಹಿಡಿಯುತ್ತವೆ. ಬೀದರ, ಕಲಬುರಗಿ, ಯಾದಗಿರಿ ಮೂರರಲ್ಲಿ ಯಾವ ಹೆಸರಾದರೂ ಒಂದು ಸಾಲಿನಲ್ಲಿ ಕೂರುತ್ತದೆ. ಒತ್ತಕ್ಷರಕ್ಕೆ ಕೆಳಗೆ ಇನ್ನಾರು ಸಾಲು ಬೇಕು. ತಲೆಕಟ್ಟಿಗೂ ಅಕ್ಷರದ ಮೈಗೂ ನಡುವೆ ಒಂದು ಸಾಲು ಖಾಲಿ ಇರದಿದ್ದರೆ ಎರಡೂ ಅಂಟಿಕೊಂಡು ಮುದ್ದೆಯಾಗುತ್ತವೆ.

ಅಂಕಿಗಳನ್ನು ಎಲ್ಲಿ ಇಡುವುದು? ಚುಕ್ಕಿಗಳ ಸಾಲು-ಅಂಕಣವನ್ನು ಎರಡು ಲಿಸ್ಟ್‌ಗಳಲ್ಲಿ ಇಟ್ಟರೆ ಪ್ರತಿ ಸಂಖ್ಯೆಗೂ 9 ಬೈಟ್. 45 ಚುಕ್ಕಿಯ ಅಕ್ಷರಕ್ಕೆ 810 ಬೈಟ್. ಅದನ್ನೇ 144 ಸೊನ್ನೆ-ಒಂದುಗಳ ಸ್ಟ್ರಿಂಗ್ (ಅಕ್ಷರಗಳ ಸರಪಳಿ) ಆಗಿ ಇಟ್ಟರೆ 144 ಬೈಟ್. ಹನ್ನೆರಡು ಸಾಲುಗಳನ್ನೂ ಒಂದರ ಹಿಂದೆ ಒಂದು ಜೋಡಿಸಿ ಸ್ಟ್ರಿಂಗ್1ಕ್ಕೆ ಹಾಕಿ (ವಾರ್ಸ್ ಕೀ, 7), ಆಮೇಲೆ:

:ಕ್ಲಿಯರ್‌ಡ್ರಾ
:ಫಂಕ್ಷನ್‌ಆಫ್
:ಆಕ್ಸಿಸ್‌ಆಫ್
:10→ಆರ್
:5→ಸಿ
:ಫಾರ್(ಐ,0,143)
:ಇಫ್ ಸಬ್(ಸ್ಟ್ರಿಂಗ್1,ಐ+1,1)="1"
:ಪಿಕ್ಸೆಲ್‌ಆನ್(ಆರ್+ಇಂಟ್(ಐ÷12),ಸಿ+ಐ−12ಇಂಟ್(ಐ÷12))
:ಎಂಡ್
:ಸ್ಟೋರ್‌ಪಿಕ್ 1
:ಆಕ್ಸಿಸ್‌ಆನ್

ಕ್ಲಿಯರ್‌ಡ್ರಾ, ಪಿಕ್ಸೆಲ್‌ಆನ್, ಸ್ಟೋರ್‌ಪಿಕ್ ಮೂರೂ ಸೆಕೆಂಡ್ ಮತ್ತು ಪಿಆರ್‌ಜಿಎಂ ಒತ್ತಿದಾಗ ಬರುವ ಡ್ರಾ ಮೆನುವಿನಲ್ಲಿವೆ. ಆಕ್ಸಿಸ್ ಆಜ್ಞೆಗಳಿಗೆ ಸೆಕೆಂಡ್ ಮತ್ತು ಝೂಮ್. ಫಂಕ್ಷನ್‌ಆಫ್ ಪರದೆಯಲ್ಲಿ ಎಫ್‌ಎನ್‌ಆಫ್ ಎಂದು ಕಾಣುತ್ತದೆ. ಅದನ್ನೂ ಸಬ್ ಅನ್ನೂ ಕ್ಯಾಟಲಾಗ್‌ನಲ್ಲಿ (ಸೆಕೆಂಡ್ ಮತ್ತು 0) ಹುಡುಕಿ.

ಟಿಐ ಬೇಸಿಕ್‌ನಲ್ಲಿ ಸಾಲಿನ ಕೊನೆಯ ಕಂಸ ಮುಚ್ಚದಿದ್ದರೂ ನಡೆಯುತ್ತದೆ, ಒಂದು ಬೈಟ್ ಉಳಿಯುತ್ತದೆ. ಅನುಭವಿಗಳು ಹಾಗೇ ಬರೆಯುತ್ತಾರೆ. ಈ ಫಾರ್ ಸಾಲಿನಲ್ಲಿ ಮಾತ್ರ ಮುಚ್ಚಲೇಬೇಕು. ಫಾರ್ ಕಂಸ ತೆರೆದಿದ್ದು, ಅದರ ಮುಂದಿನ ಸಾಲೇ ದೆನ್ ಇಲ್ಲದ ಇಫ್ ಆಗಿದ್ದರೆ, ಷರತ್ತು ಸುಳ್ಳಾದಾಗಲೆಲ್ಲ ಯಂತ್ರ ವಿಪರೀತ ನಿಧಾನವಾಗುತ್ತದೆ. ಇದು ಓಎಸ್‌ನ ಹಳೆಯ ದೋಷ. ಕಂಸ ತೆಗೆದು ಒಮ್ಮೆ, ಹಾಕಿ ಒಮ್ಮೆ ನಡೆಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಸ್ಟೋರ್‌ಪಿಕ್ ಇಡೀ ಪರದೆಯನ್ನು ಸುಮಾರು 756 ಬೈಟ್‌ನಲ್ಲಿ ಉಳಿಸುತ್ತದೆ. ಮುಂದಿನ ಸಲ ರೀಕಾಲ್‌ಪಿಕ್ 1 ಎಂದರೆ ತಕ್ಷಣ ಬರುತ್ತದೆ. ಇದು ಕೈಗೂಡಿದ ಮೇಲೆ ಇನ್ನೂ ಬಿಗಿ ಮಾಡಿ: ಹನ್ನೆರಡು ಬಿಟ್‌ಗಳ ಒಂದು ಸಾಲನ್ನು ಮೂರು ಹೆಕ್ಸ್ (ಹದಿನಾರರ ಆಧಾರದ) ಅಂಕಿಗಳಲ್ಲಿ ಬರೆಯಬಹುದು. ಆಗ ಒಂದು ಅಕ್ಷರಕ್ಕೆ 36 ಬೈಟ್, ಬಿಡಿಸುವ ಕೋಡ್ ಮಾತ್ರ ಸ್ವಲ್ಪ ಉದ್ದ. ಜಾಗ ಉಳಿಸಿದರೆ ಸಮಯ ಹೋಗುತ್ತದೆ, ಸಮಯ ಉಳಿಸಿದರೆ ಜಾಗ ಹೋಗುತ್ತದೆ. ಯಾವುದು ಬೇಕೆಂದು ನಿಮ್ಮ ಪ್ರೋಗ್ರಾಮ್ ನೋಡಿ ನಿರ್ಧರಿಸಿ.

ಉಳಿಸಿಕೊಳ್ಳುವುದು

ಬರೆದದ್ದೆಲ್ಲ ಮೊದಲು ಇರುವುದು ರ್‍ಯಾಮ್‌ನಲ್ಲಿ. ಸೆಲ್ ಸಡಿಲವಾದರೆ, ಯಂತ್ರ ಹ್ಯಾಂಗ್ ಆದರೆ 'ರ್‍ಯಾಮ್ ಕ್ಲಿಯರ್ಡ್' ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ. ಸೆಕೆಂಡ್ ಮತ್ತು ಕೂಡುವ ಕೀ ಒತ್ತಿ ಮೆಮೊರಿ ಮೆನುವಿಗೆ ಹೋಗಿ 5 ಆರ್ಕೈವ್ ಆರಿಸಿ, ಪ್ರೋಗ್ರಾಮ್ ಹೆಸರು ಕೊಡಿ. ಅದು ಸೆಲ್ ಇಲ್ಲದಿದ್ದರೂ ಉಳಿಯುವ ಫ್ಲ್ಯಾಶ್ ಮೆಮೊರಿಗೆ ಹೋಗಿ ಸುರಕ್ಷಿತ. ಕಪ್ಪು-ಬಿಳುಪು ಮಾದರಿಗಳಲ್ಲಿ ಆರ್ಕೈವ್ ಆದ ಪ್ರೋಗ್ರಾಮ್ ನಡೆಯುವುದಿಲ್ಲ, 6 ಅನ್‌ಆರ್ಕೈವ್ ಮಾಡಿ ನಡೆಸಬೇಕು. ಹೆಸರಿನ ಮುಂದೆ ನಕ್ಷತ್ರ ಕಂಡರೆ ಅದು ಆರ್ಕೈವ್‌ನಲ್ಲಿದೆ. ವಾರಕ್ಕೊಮ್ಮೆ ಕಂಪ್ಯೂಟರಿಗೂ ಒಂದು ಪ್ರತಿ ಕಳಿಸಿ. ಉದ್ದದ ಪ್ರೋಗ್ರಾಮನ್ನು ಟಿಐ ಕನೆಕ್ಟ್ ಸಿಇಯ ಎಡಿಟರ್‌ನಲ್ಲಿ ಕೀಬೋರ್ಡ್‌ನಿಂದ ಬರೆದು ಯಂತ್ರಕ್ಕೆ ಕಳಿಸುವುದು ಬೆರಳಿಗೂ ಹಿತ.

ಬೇರೆ ಯಂತ್ರಗಳಿದ್ದರೆ

ಕ್ಯಾಸಿಯೊ ಎಫ್‌ಎಕ್ಸ್-9750ಜಿIII, 9860ಜಿIII ಮತ್ತು ಸಿಜಿ50ಗಳಲ್ಲಿ ಕ್ಯಾಸಿಯೊ ಬೇಸಿಕ್ ಜೊತೆ ಪೈಥಾನ್ ಕೂಡ ಇದೆ. ಕೇಬಲ್ ಹಾಕಿದರೆ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತವೆ. ತರ್ಕ ಅದೇ, ಒಂದು ವ್ಯತ್ಯಾಸ ಮರೆಯಬೇಡಿ: ಟಿಐನ ಔಟ್‌ಪುಟ್‌ಗೆ ಸಾಲು ಮೊದಲು ಅಂಕಣ ಆಮೇಲೆ, ಕ್ಯಾಸಿಯೊದ ಲೊಕೇಟ್‌ಗೆ ಅಂಕಣ ಮೊದಲು. ಕೀ ಸಂಖ್ಯೆಗಳೂ ಬೇರೆ. ಪೈಥಾನ್ ಬಂದವರಿಗೆ 2017ರಲ್ಲಿ ಬಂದ ಫ್ರಾನ್ಸಿನ ನಂವರ್ಕ್ಸ್ ಚೆನ್ನ. ಅದರ ಅಧಿಕೃತ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ಉಚಿತವಾಗಿ ನಡೆಯುತ್ತದೆ.

ಬೇಸಿಕ್ ಸಾಲದಾದಾಗ

ಬೇಸಿಕ್‌ನಲ್ಲಿ ವೇಗದ ಆಟ ಬರೆಯುವುದು ಕಷ್ಟ. ಮುಂದಿನ ಹೆಜ್ಜೆ ಪ್ರೊಸೆಸರ್‌ಗೇ ನೇರವಾಗಿ ಆಜ್ಞೆ ಕೊಡುವ ಝಡ್80 ಅಸೆಂಬ್ಲಿ, ಸಿಇಯಾದರೆ ಸಿ ಭಾಷೆ. ಸಿಇಯಲ್ಲಿ ಇರುವುದು 48 ಮೆಗಾಹರ್ಟ್ಸ್‌ನ ಇಝಡ್80, ಪರದೆ 320×240 ಬಣ್ಣದ್ದು. ಆದರೆ 2020ರಲ್ಲಿ ಕಂಪನಿ ಓಎಸ್ 5.5ರ ಆಸುಪಾಸಿನ ಅಪ್‌ಡೇಟ್‌ಗಳಲ್ಲಿ ಸಿಇಯಿಂದ ಅಸೆಂಬ್ಲಿ ಸೌಲಭ್ಯ ತೆಗೆದುಹಾಕಿತು. ಹವ್ಯಾಸಿಗಳು ಆರ್ಟಿಫಿಸ್ ಎಂಬ ಸುತ್ತುದಾರಿ ಕಂಡುಕೊಂಡಿದ್ದಾರೆ, ಆದರೂ ಹಳೆಯ ಓಎಸ್ ಇರುವ ಸಿಇ ಕೈಗೆ ಸಿಕ್ಕರೆ ಕಂಪ್ಯೂಟರ್ ಕೇಳಿತೆಂದು ಅಪ್‌ಡೇಟ್ ಮಾಡಬೇಡಿ; ಹಿಂದಕ್ಕೆ ಹೋಗುವುದು ಸುಲಭವಲ್ಲ. 83 ಪ್ಲಸ್ ಮತ್ತು ಕಪ್ಪು-ಬಿಳುಪು 84 ಪ್ಲಸ್‌ಗೆ ಈ ತೊಡಕಿಲ್ಲ. 83 ಪ್ಲಸ್‌ನ ಓಎಸ್‌ಗೆ ಸಹಿ ಹಾಕುವ 512 ಬಿಟ್ ಆರ್‌ಎಸ್‌ಎ ಕೀಯನ್ನೇ (ಡಿಜಿಟಲ್ ಸಹಿಯ ಗುಟ್ಟಿನ ಸಂಖ್ಯೆಯನ್ನೇ) ಹವ್ಯಾಸಿಯೊಬ್ಬರು 2009ರಲ್ಲಿ ಅಪವರ್ತಿಸಿ ಬಿಡಿಸಿದ್ದರಿಂದ, ಇಂಥ ಯಂತ್ರಕ್ಕೆ ಸ್ವಂತ ಓಎಸ್ ಹಾಕುವ ದಾರಿಯೂ ತೆರೆದಿದೆ.

ಅಸೆಂಬ್ಲಿಯಲ್ಲಿ ತಪ್ಪಿಗೆ ಎರರ್ ಮೆನು ಬರುವುದಿಲ್ಲ, ಯಂತ್ರ ಹಾಗೇ ಕಲ್ಲಾಗುತ್ತದೆ. ನಡೆಸುವ ಮೊದಲು ಬೇಕಾದದ್ದೆಲ್ಲ ಆರ್ಕೈವ್ ಮಾಡಿ, ಮೊದಲ ಪ್ರಯೋಗ ಎಮುಲೇಟರ್‌ನಲ್ಲೇ ಆಗಲಿ. ಕೈಯಲ್ಲಿರುವ ಯಂತ್ರ ಹ್ಯಾಂಗ್ ಆದರೆ ಒಂದು ಎಎಎ ಸೆಲ್ ತೆಗೆದು ಮತ್ತೆ ಹಾಕಿ ಆನ್ ಒತ್ತಿ. ಸಿಇಯಲ್ಲಿ ಹಿಂಬದಿಯ ರೀಸೆಟ್ ಗುಂಡಿಯನ್ನು ಪೇಪರ್ ಕ್ಲಿಪ್ಪಿನ ತುದಿಯಿಂದ ಒತ್ತಿ. ರ್‍ಯಾಮ್ ಖಾಲಿಯಾಗುತ್ತದೆ, ಆರ್ಕೈವ್‌ನಲ್ಲಿ ಇಟ್ಟದ್ದು ಸಾಮಾನ್ಯವಾಗಿ ಹಾಗೇ ಇರುತ್ತದೆ.